ಹಳೇ ಅಕೌಸ್ಟಿಕ್ ಗಿಟಾರ್‌ಗೆ ಪಿಕಪ್ ಹಾಕಿಸಬೇಕು, ಯಾವುದು ಸರಿ?

ಸುಗಮತಂಡ_ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಒಂದು ಸುಗಮ ಸಂಗೀತ ತಂಡಕ್ಕೆ ಗಿಟಾರ್ ನುಡಿಸುತ್ತೇನೆ. ನನ್ನ ಹತ್ತಿರ ಇರುವುದು ಸೋದರಮಾವ ಕೊಟ್ಟ ಯಮಹಾ ಎಫ್‌ಜಿ-180. ಒಳಗೆ ಕೆಂಪು ಲೇಬಲ್ ಇದೆ, ಯಮಹಾ ಕಂಪನಿಯ ಹಳೇ ಹೆಸರು ನಿಪ್ಪಾನ್ ಗಕ್ಕಿ ಅಂತ ಅಚ್ಚಾಗಿದೆ. ಮನೆಯಲ್ಲಿ ಕೂತು ನುಡಿಸಿದರೆ ಇದರ ನಾದಕ್ಕೆ ಸಾಟಿ ಇಲ್ಲ. ಸ್ಟೇಜ್ ಮೇಲೆ ಮಾತ್ರ ಒದ್ದಾಟ. ಮೈಕ್ ಸೆಟ್‌ನವರು ಸೌಂಡ್‌ಹೋಲ್ ಮುಂದೆ ಹಾಡುವ ಮೈಕ್ ಒಂದನ್ನು ನಿಲ್ಲಿಸುತ್ತಾರೆ. ಪಕ್ಕದಲ್ಲೇ ತಬಲಾ, ಹಿಂದೆ ರಿದಮ್ ಪ್ಯಾಡ್. ನನ್ನ ಮೈಕ್‌ಗೆ ಗಿಟಾರ್‌ಗಿಂತ ತಬಲಾನೇ ಜಾಸ್ತಿ ಹೋಗುತ್ತದೆ. ಸ್ವಲ್ಪ ಏರಿಸಿದರೂ ಕೂಯ್ ಅನ್ನುತ್ತದೆ.

ನವೆಂಬರ್ ಬಂದರೆ ರಾಜ್ಯೋತ್ಸವದ ಕಾರ್ಯಕ್ರಮಗಳು ಸಾಲಾಗಿ ಇರುತ್ತವೆ. ಅಷ್ಟರೊಳಗೆ ಪಿಕಪ್ (ಮೈಕ್ ಇಲ್ಲದೆ ಗಿಟಾರ್ ನಾದ ಹಿಡಿದು ಕೇಬಲ್‌ನಲ್ಲಿ ಕಳಿಸುವ ಸಾಧನ) ಹಾಕಿಸಬೇಕು ಅಂತ ಆಸೆ. ಅಂಗಡಿಯಲ್ಲಿ ಒಬ್ಬರು, ಪಕ್ಕದ ಹಲಗೆಯನ್ನು ಚೌಕವಾಗಿ ಕತ್ತರಿಸಿ ಈಕ್ವಲೈಜರ್ ಕೂರಿಸಿಕೊಡುತ್ತೇವೆ ಅಂದರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಕತ್ತರಿಸದೇ ಆಗುವ ದಾರಿ ಇದೆಯಾ?

ಕುವೆಂಪುನಗರ_ಬ್ಯಾಂಡ್

ಸೌಂಡ್‌ಹೋಲ್‌ಗೆ ಸಿಕ್ಕಿಸುವ ಮ್ಯಾಗ್ನೆಟಿಕ್ ಪಿಕಪ್ ತಗೊಳ್ಳಿ. ಎರಡು ಸ್ಕ್ರೂ ಬಿಗಿದರೆ ಮುಗಿಯಿತು, ಬೇಡ ಅಂದಾಗ ಬಿಚ್ಚಬಹುದು. ಫೀಡ್‌ಬ್ಯಾಕ್ (ಆ ಕೂಯ್ ಅನ್ನುವ ಸದ್ದು) ತುಂಬಾ ಕಡಿಮೆ. ನಮ್ಮ ಬ್ಯಾಂಡ್‌ನಲ್ಲಿ ಡ್ರಮ್ಸ್ ಪಕ್ಕ ನಿಂತು ಇದನ್ನೇ ಬಳಸುತ್ತೇನೆ. ಸ್ಟೀಲ್ ಸ್ಟ್ರಿಂಗ್ ಇರಬೇಕು ಅಷ್ಟೆ, ನೈಲಾನ್‌ಗೆ ಇದು ಕೆಲಸ ಮಾಡುವುದಿಲ್ಲ.

ಬೀಟೆಮರ

ಮೈಸೂರಿನಲ್ಲಿ ವೀಣೆ, ಗಿಟಾರ್ ರಿಪೇರಿ ಮಾಡುತ್ತೇನೆ. ಮೊದಲು ಒಂದು ಮಾತು. ಆ ಪಕ್ಕದ ಹಲಗೆ ಕತ್ತರಿಸೋಕೆ ದಯವಿಟ್ಟು ಬಿಡಬೇಡಿ. ಎಫ್‌ಜಿ-180 ಬಂದಿದ್ದು 1966ರಲ್ಲಿ. ಕೆಂಪು ಲೇಬಲ್‌ನವು ಈಗ ಹೊಸದಾಗಿ ಸಿಗುವ ವಸ್ತುವಲ್ಲ. ಅಲ್ಲಿ ಕೂರಿಸುವ ಎಲೆಕ್ಟ್ರಾನಿಕ್ಸ್ ಕೆಲವು ವರ್ಷದಲ್ಲಿ ಕೈಕೊಡುತ್ತದೆ. ಅದೇ ಅಳತೆಯ ಇನ್ನೊಂದು ಸಿಗದಿದ್ದರೆ ಗಿಟಾರ್ ಪಕ್ಕದಲ್ಲಿ ಕಿಟಕಿ ಮಾತ್ರ ಉಳಿಯುತ್ತದೆ. ವಾಪಸ್ ಬಿಚ್ಚಿದರೆ ಮರ ಮೊದಲಿನಂತೆ ಇರಬೇಕು. ಹಳೇ ವಾದ್ಯಕ್ಕೆ ಏನೇ ಮಾಡಿದರೂ ನಾನು ಮೊದಲು ನೋಡುವುದು ಇದನ್ನೇ.

ಇನ್ನು ಸ್ಯಾಡಲ್ (ಬ್ರಿಡ್ಜ್ ಅನ್ನುವ ಮರದ ತುಂಡಿನಲ್ಲಿ ಸ್ಟ್ರಿಂಗ್ ಕೂರುವ ತೆಳು ತುಂಡು) ಕೆಳಗೆ ಹಾಕುವ ಪಿಯೆಜೊ ಪಟ್ಟಿ, ಅಂದರೆ ಒತ್ತಡ, ನಡುಕವನ್ನು ವಿದ್ಯುತ್ ಸಂಕೇತ ಮಾಡುವ ಪಿಕಪ್. ಹೊಸ ಗಿಟಾರ್‌ಗೆ ಸರಿ. ಹಳೆಯದಕ್ಕೆ ಯೋಚನೆ ಮಾಡಬೇಕು. 12-53 ಗೇಜ್ (ದಪ್ಪದ ಅಳತೆ) ಸ್ಟ್ರಿಂಗ್ ಸೆಟ್ ಶ್ರುತಿಗೆ ಬಿಗಿದಾಗ ಒಟ್ಟು ಎಳೆತ 70 ಕಿಲೋ ದಾಟುತ್ತದೆ. ವರ್ಷಗಟ್ಟಲೆ ಹೀಗೆ ಎಳೆದರೆ ಬ್ರಿಡ್ಜ್ ಹಿಂದಿನ ಹಲಗೆ ಉಬ್ಬುತ್ತದೆ, ಕುತ್ತಿಗೆ ಮುಂದಕ್ಕೆ ಬಾಗುತ್ತದೆ, ಸ್ಟ್ರಿಂಗ್ ಎತ್ತರವಾಗುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ, ಸ್ಯಾಡಲ್ ಉಜ್ಜಿ ಇಳಿಸುವುದು. ನಿಮ್ಮದು ಈಗಾಗಲೇ ಉಜ್ಜಿದ್ದಾಗಿದ್ದರೆ ಕೆಳಗೆ ಪಟ್ಟಿ ಇಡೋಕೆ ಜಾಗವೇ ಇರುವುದಿಲ್ಲ. ಪಟ್ಟಿಯ ದಪ್ಪದಷ್ಟು ಮತ್ತೆ ಉಜ್ಜಬೇಕಾಗುತ್ತದೆ. ಸ್ಯಾಡಲ್ ಬ್ರಿಡ್ಜ್‌ನಿಂದ ಮೇಲೆ ಕಾಣದಷ್ಟು ಇಳಿದರೆ ಸ್ಟ್ರಿಂಗ್ ಅದರ ಮೇಲೆ ಒತ್ತುವುದೇ ಇಲ್ಲ. ನಾದವೂ ಹೋಯಿತು, ಪಿಕಪ್‌ಗೂ ಏನೂ ಸಿಗಲಿಲ್ಲ. ಜೊತೆಗೆ ವೈರ್ ಇಳಿಸೋಕೆ ಸ್ಯಾಡಲ್ ಕೂರುವ ಸೀಳಿನಲ್ಲಿ ತೂತು ಕೊರೆಯಬೇಕು. ಸೀಳಿನ ತಳ ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಒಂದು ಸ್ಟ್ರಿಂಗ್ ಜೋರಾಗಿ, ಇನ್ನೊಂದು ಸಣ್ಣಗೆ ಕೇಳುತ್ತದೆ.

ಮ್ಯಾಗ್ನೆಟಿಕ್ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದರೆ ಬ್ರಾಂಜ್ ಸುತ್ತಿದ ಸ್ಟ್ರಿಂಗ್‌ಗಳಲ್ಲಿ ಆಯಸ್ಕಾಂತಕ್ಕೆ ಒಳಗಿನ ಸ್ಟೀಲ್ ತಂತಿ ಮಾತ್ರ ಸಿಗುತ್ತದೆ. ಸುತ್ತಿಲ್ಲದ ಬಿ ಮತ್ತು ಸಣ್ಣ ಇ ಪೂರ್ತಿ ಸ್ಟೀಲ್, ಅವು ಎದ್ದು ಕೇಳುತ್ತವೆ. ಸುಗಮ ಸಂಗೀತದಲ್ಲಿ ಹಾಡಿನ ಹಿಂದೆ ಮೆಲ್ಲಗೆ ಬೆರಳಲ್ಲಿ ಮೀಟುವಾಗ ಇದು ಕಿವಿಗೆ ಚುಚ್ಚುತ್ತದೆ. ಪ್ರತಿ ಸ್ಟ್ರಿಂಗ್ ಕೆಳಗಿರುವ ಆಯಸ್ಕಾಂತದ ಕಂಬಗಳನ್ನು ಸ್ಕ್ರೂನಲ್ಲಿ ಮೇಲೆ ಕೆಳಗೆ ಮಾಡುವಂಥದ್ದು ಸಿಕ್ಕರೆ ಬಿ ಕೆಳಗಿನದನ್ನು ಇಳಿಸಿ ಸರಿ ಮಾಡಬಹುದು.

ನಿಮಗೆ ನಾನು ಹೇಳುವುದು ಒಳಗೆ ಅಂಟಿಸುವ ಪಿಯೆಜೊ ಡಿಸ್ಕ್. ಬ್ರಿಡ್ಜ್‌ನ ಅಡಿಯಲ್ಲಿ, ಹಲಗೆಯ ಒಳಮೈಗೆ ಒಂದು ಮರದ ಪಟ್ಟಿ ಇರುತ್ತದೆ. ಅದಕ್ಕೆ ಸ್ಯಾಡಲ್ ನೇರಕ್ಕೆ ಮೂರು ಪುಟ್ಟ ಡಿಸ್ಕ್ ಅಂಟಿಸುತ್ತಾರೆ. ಬ್ಯಾಟರಿ ಬೇಡ, ಸ್ಯಾಡಲ್ ಮುಟ್ಟುವುದು ಬೇಡ. ನಮ್ಮ ವೀಣೆಯವರು ಕಚೇರಿಗೆ ಮುಂಚೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿಕೊಳ್ಳುವುದನ್ನು ನೋಡಿರುತ್ತೀರಲ್ಲ, ಕೆಲಸ ಮಾಡುವ ರೀತಿ ಅದೇ. ಸ್ಟ್ರಿಂಗ್ ಒಂದೇ ಅಲ್ಲ, ಹಲಗೆ ನಡುಗುವುದೂ ಬರುತ್ತದೆ. ಅದಕ್ಕೇ ಮರದ ನಾದ ಉಳಿಯುತ್ತದೆ.

ಅದಕ್ಕೆ ಮುಂಚೆ ಈ ಪರೀಕ್ಷೆ ಮಾಡಿ. ಬ್ರಿಡ್ಜ್‌ನ ಹಿಂಬದಿ ಅಂಚಿಗೆ ತೆಳು ಕಾಗದ ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಟ್ಟಿದೆ ಅಂತ ಅರ್ಥ, ಮೊದಲು ಅದರ ಕೆಲಸ. ಆಮೇಲೆ ಕೈ ಕನ್ನಡಿ, ಮೊಬೈಲ್ ಟಾರ್ಚ್ ಇಟ್ಟು ಒಳಗೆ ನೋಡಿ. ಈ ಯಮಹಾಗಳಲ್ಲಿ ಬ್ರಿಡ್ಜ್ ಅನ್ನು ಬೋಲ್ಟ್‌ನಿಂದಲೂ ಬಿಗಿದಿರುತ್ತಾರೆ. ನಟ್ ಎಲ್ಲಿದೆ ಅಂತ ಗುರುತು ಮಾಡಿಕೊಳ್ಳಿ. ಡಿಸ್ಕ್ ಅದಕ್ಕೆ ತಾಗಬಾರದು. 12ನೇ ಫ್ರೆಟ್ ಹತ್ತಿರ ದಪ್ಪ ಸ್ಟ್ರಿಂಗ್ ಎಷ್ಟು ಎತ್ತರ ಇದೆ ಅನ್ನುವುದನ್ನೂ ಅಳೆಯಿರಿ.

ಸುಗಮತಂಡ_ಮಂಡ್ಯ

ತುಂಬಾ ಥ್ಯಾಂಕ್ಸ್ ಅಣ್ಣ. ಈಗಷ್ಟೇ ನೋಡಿದೆ. ಕಾಗದ ಒಳಗೆ ಹೋಗಲಿಲ್ಲ. ನಟ್ ಎರಡು ಇವೆ, ಬಿಗಿಯಾಗಿವೆ. 12ನೇ ಫ್ರೆಟ್‌ನಲ್ಲಿ ಎತ್ತರ 3 ಮಿಲಿಮೀಟರ್ ಹತ್ತಿರ. ಆದರೆ ಸ್ಯಾಡಲ್ ಬ್ರಿಡ್ಜ್ ಮೇಲೆ 2 ಮಿಲಿಮೀಟರ್ ಕೂಡ ಇಲ್ಲ. ನೀವು ಹೇಳಿದ ಹಾಗೆ ಯಾರೋ ಮೊದಲೇ ಉಜ್ಜಿದ್ದಾರೆ. ಹಾಗಾದರೆ ಪಟ್ಟಿ ಬೇಡವೇ ಬೇಡ. ಡಿಸ್ಕ್ ಹಾಕಿದರೂ ಜ್ಯಾಕ್‌ಗೆ (ಕೇಬಲ್ ಚುಚ್ಚುವ ಜಾಗ) ತೂತು ಬೇಕಲ್ವಾ?

ಮಿಕ್ಸರ್_ಮುಂದೆ

ನಾನು ಕಾರ್ಯಕ್ರಮಗಳಿಗೆ ಸೌಂಡ್ ಮಾಡುವವನು, ಮಂಡ್ಯದ ಗಾಂಧಿ ಭವನ, ಕಲಾಮಂದಿರ ಕಡೆಯೆಲ್ಲ ಓಡಾಡುತ್ತೇನೆ. ಒಂದು ವಿಷಯ ಸೇರಿಸುತ್ತೇನೆ. ಡಿಸ್ಕ್ ಹಾಕಿಸಿ, ಕೇಬಲ್ ತಂದು ನೇರವಾಗಿ ಮಿಕ್ಸರ್‌ಗೆ ಚುಚ್ಚಬೇಡಿ. ಪಿಯೆಜೊಗೆ ಇನ್‌ಪುಟ್‌ನ ತಡೆ (ಇಂಪಿಡೆನ್ಸ್) ಕನಿಷ್ಠ 1 ಮೆಗಾಓಮ್, ಅಂದರೆ 1000 ಕಿಲೋಓಮ್ ಬೇಕು. ಮಿಕ್ಸರ್‌ನ ಲೈನ್ ಇನ್‌ಪುಟ್ ಸಾಮಾನ್ಯವಾಗಿ 10 ಕಿಲೋಓಮ್ ಆಸುಪಾಸು ಇರುತ್ತದೆ. ಬೇಸ್ ಎಲ್ಲ ಸೋರಿಹೋಗಿ ತಗಡು ಬಡಿದ ಹಾಗೆ ಕೇಳುತ್ತದೆ. ಆಮೇಲೆ ಪಿಕಪ್ ಸರಿಯಿಲ್ಲ ಅಂತ ಬೈದುಕೊಂಡು ಬಿಚ್ಚುತ್ತಾರೆ. ಪಾಪ, ಅದರ ತಪ್ಪೇನೂ ಇರುವುದಿಲ್ಲ.

ಅಕೌಸ್ಟಿಕ್‌ಗೆ ಅಂತಲೇ ಬರುವ ಪ್ರಿಆಂಪ್ ಪೆಡಲ್ (ಪಿಕಪ್ ಸಂಕೇತವನ್ನು ಮಿಕ್ಸರ್‌ಗೆ ಹೊಂದಿಸುವ ಪೆಟ್ಟಿಗೆ) ಒಂದು ತಗೊಳ್ಳಿ. ಡಿಐ ಔಟ್ (ಮಿಕ್ಸರ್‌ಗೆ ನೇರ ಹೋಗುವ ಔಟ್‌ಪುಟ್), ಫೇಸ್ ಸ್ವಿಚ್ (ಸಂಕೇತ ತಿರುಗಿಸಿ ಫೀಡ್‌ಬ್ಯಾಕ್ ತಗ್ಗಿಸೋಕೆ), ನಾಚ್ ಫಿಲ್ಟರ್ (ಒಂದೇ ಸ್ವರದ ಸುತ್ತ ಮಾತ್ರ ತಗ್ಗಿಸೋಕೆ) ಇರಲಿ. ಬಜೆಟ್ ಇಲ್ಲದಿದ್ದರೆ 1 ಮೆಗಾಓಮ್‌ನ ಆಕ್ಟಿವ್ ಡಿಐ ಬಾಕ್ಸ್ ಸಾಕು. ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಇದಕ್ಕೆ ಆಗುವುದಿಲ್ಲ.

ಡಿಸ್ಕ್‌ಗೆ ಫೀಡ್‌ಬ್ಯಾಕ್ ಮ್ಯಾಗ್ನೆಟಿಕ್‌ಗಿಂತ ಜಾಸ್ತಿ, ಇದು ನಿಜ. ಗಿಟಾರ್‌ನ ದಪ್ಪ ಇ ಸ್ಟ್ರಿಂಗ್ 82 ಹರ್ಟ್ಸ್. ಅದರ ಕೆಳಗಿನದನ್ನೆಲ್ಲ ಕತ್ತರಿಸಿಬಿಡಿ ಅಂತ ನಮ್ಮಂಥವರಿಗೆ ಹೇಳಿ. ಇಷ್ಟು ದೊಡ್ಡ ಬಾಡಿಯ ಗಿಟಾರ್ 100 ಹರ್ಟ್ಸ್ ಹತ್ತಿರ ಗುಂಯ್ ಅನ್ನುತ್ತದೆ, ನಾಚ್ ಅಲ್ಲಿಗೆ ಇಡಿ. ರಬ್ಬರ್ ಸೌಂಡ್‌ಹೋಲ್ ಕವರ್ ಬ್ಯಾಗ್‌ನಲ್ಲಿರಲಿ. ಮಾನಿಟರ್ ಸೌಂಡ್‌ಹೋಲ್‌ಗೆ ಎದುರಾಗಿದ್ದರೆ ಸಂಕೋಚ ಬೇಡ, ತಿರುಗಿಸೋಕೆ ಹೇಳಿ. ನುಡಿಸುವವರು ಬಾಯಿಬಿಟ್ಟು ಹೇಳಿದರೆ ನಮಗೂ ಕೆಲಸ ಸಲೀಸು.

ಬೀಟೆಮರ

ಮೇಲಿನವರು ಹೇಳಿದ ಓಮ್ ಲೆಕ್ಕ ಬಹಳ ಮುಖ್ಯ, ಬರೆದಿಟ್ಟುಕೊಳ್ಳಿ. ಫೀಡ್‌ಬ್ಯಾಕ್ ವಿಷಯದಲ್ಲಿ ನಿಮ್ಮ ಗಿಟಾರ್‌ನ ಪ್ಲೈ ಟಾಪ್ (ಪದರ ಪದರ ಅಂಟಿಸಿದ ಮೇಲಿನ ಹಲಗೆ) ಸ್ವಲ್ಪ ಸಹಾಯಕ್ಕೇ ಬರುತ್ತದೆ. ಅದು ಗಟ್ಟಿ, ಸುಲಭಕ್ಕೆ ಕಂಪಿಸುವುದಿಲ್ಲ.

ಜ್ಯಾಕ್ ತೂತು ಬೇಕಾಗುತ್ತದೆ. ಆದರೆ ಹೊಸ ಜಾಗದಲ್ಲಲ್ಲ. ಹಿಂಬದಿಯಲ್ಲಿ ಬೆಲ್ಟ್ ಸಿಕ್ಕಿಸುವ ಗುಬುಟು ಇದೆಯಲ್ಲ, ಅದನ್ನು ತೆಗೆದು ಅದೇ ತೂತನ್ನು 12 ಮಿಲಿಮೀಟರ್ ಚಿಲ್ಲರೆಗೆ ಹಿಗ್ಗಿಸುತ್ತಾರೆ. ಒಳಗೆ ದಪ್ಪ ಮರದ ದಿಮ್ಮಿ ಇರುವುದರಿಂದ ಅಲ್ಲಿ ಬಲ ಕಡಿಮೆಯಾಗುವುದಿಲ್ಲ. ಮುಂದೆ ಪಿಕಪ್ ಬೇಡವಾದರೆ ಮರದ ಬಿರಡೆ ಬಡಿದು ಮತ್ತೆ ಗುಬುಟು ಹಾಕಬಹುದು. ಮಾಡುವವರಿಗೆ ಒಂದೇ ಮಾತು ಹೇಳಿ. ಡ್ರಿಲ್ ಬಿಟ್ ಬೇಡ, ರೀಮರ್ (ತೂತು ಹಿಗ್ಗಿಸುವ ಕೈ ಉಪಕರಣ) ಕೈಯಲ್ಲಿ ತಿರುಗಿಸಿ ನಿಧಾನವಾಗಿ ಹಿಗ್ಗಿಸಲಿ. ಬಿಟ್ ಕಚ್ಚಿಕೊಂಡರೆ ವಾರ್ನಿಷ್ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಹಳೇ ವಾರ್ನಿಷ್ ಅಂತೂ ಇನ್ನೂ ಬೇಗ.

ಡಿಸ್ಕ್ ಅನ್ನು ಮೊದಲ ದಿನವೇ ಸೂಪರ್ ಗ್ಲೂನಲ್ಲಿ ಅಂಟಿಸಿಬಿಡಬೇಡಿ. ಪುಟ್ಟಿಯಲ್ಲಿ ತಾತ್ಕಾಲಿಕವಾಗಿ ಅಂಟಿಸಿ, ಸ್ಟ್ರಿಂಗ್ ಬಿಗಿದು ಒಂದು ಸಂಜೆ ನುಡಿಸಿ ನೋಡಿ. ದಪ್ಪ ಸ್ಟ್ರಿಂಗ್ ಗುಂಯ್ ಅಂದರೆ ಆ ಕಡೆ ಡಿಸ್ಕ್ ಸ್ವಲ್ಪ ಸರಿಸಿ. ಜಾಗ ಗೊತ್ತಾದ ಮೇಲೆ ಜೆಲ್ ಥರದ ಗ್ಲೂ ಹಾಕಿ. ನೀರಾಗಿರುವುದು ಕೆಳಗೆ ಇಳಿದು ಹರಡುತ್ತದೆ. ಸ್ಟ್ರಿಂಗ್ ಹೇಗೂ ಬಿಚ್ಚುತ್ತೀರಿ, ವಾಪಸ್ ಹಾಕುವಾಗ 11-52 ಹಾಕಿ. ಎಳೆತ ಕಡಿಮೆಯಾಗುತ್ತದೆ, ಇರುವಷ್ಟು ಸ್ಯಾಡಲ್ ಇನ್ನೂ ಬಹಳ ಕಾಲ ಬರುತ್ತದೆ.

ಸುಗಮತಂಡ_ಮಂಡ್ಯ

ಆಯ್ತು ಅಣ್ಣ. ಅಂಗಡಿಯವರಿಗೆ ಫೋನ್ ಮಾಡಿ ಹಲಗೆ ಕತ್ತರಿಸುವುದು ಬೇಡ ಅಂದೆ. ಮೂರು ಡಿಸ್ಕ್‌ನ ಸೆಟ್ ತರಿಸುತ್ತೇನೆ, ಪ್ರಿಆಂಪ್ ಮುಂದಿನ ತಿಂಗಳು. ಅಲ್ಲಿವರೆಗೆ ನಮ್ಮ ಕೀಬೋರ್ಡ್‌ನವರ ಆಕ್ಟಿವ್ ಡಿಐ ಇದೆ, ಹಿಂದೆ 1 ಮೆಗಾಓಮ್ ಅಂತಲೇ ಬರೆದಿದೆ. ರೀಮರ್ ಮಾತ್ರ ಇಲ್ಲಿ ಯಾರ ಹತ್ತಿರವೂ ಕಾಣಲಿಲ್ಲ. ತೂತಿನ ಕೆಲಸಕ್ಕೆ ಗಿಟಾರ್ ತಗೊಂಡು ಮೈಸೂರಿಗೆ ನಿಮ್ಮ ಹತ್ತಿರವೇ ಬರಬಹುದಾ?

ಬೀಟೆಮರ

ಬನ್ನಿ. ಭಾನುವಾರ ಬಿಟ್ಟು ಯಾವತ್ತಾದರೂ ಸರಿ. ಆ ಡಿಐ ಬಾಕ್ಸ್ ಕೂಡ ಜೊತೆಗೆ ತನ್ನಿ, ಅದರಲ್ಲೇ ಕೇಳಿಕೊಂಡು ಡಿಸ್ಕ್ ಜಾಗ ನೋಡೋಣ.