ಒರೆಸುವ ಬಟ್ಟೆ

ಮುಚ್ಚಿಹೋದ ಮ್ಯೂಸಿಯಂ ಒಂದರಿಂದ ವಾಸು 1912ರ ಕಾರನ್ನು ಕೊಂಡ ಸುದ್ದಿ ತಿಳಿದ ದಿನವೇ ರಾಯರು, ಸೀನ ಮತ್ತು ನಾನು ಅವನ ಷೆಡ್ಡಿಗೆ ಹೊರಟೆವು. ಹೇಳಿಕೊಂಡದ್ದು ಅಭಿನಂದಿಸಲು, ಹೋದದ್ದು ಕೊಂಕು ತೆಗೆಯಲು.

"ದೀಪದ ಹಿತ್ತಾಳೆ ನೋಡಿ, ಮುಖ ಕಾಣಿಸುತ್ತದೆ!" ಎಂದ ವಾಸು.

"ನನ್ನ ಮುಖ ಮನೆಯ ಕನ್ನಡಿಯಲ್ಲೂ ಕಾಣಿಸುತ್ತದೆ. ಎಂಜಿನ್ ತಿರುಗುತ್ತದೆಯೇ?" ಎಂದರು ರಾಯರು. ಜೀವಮಾನವಿಡೀ ಎಂಜಿನ್ ಬಿಚ್ಚಿದ ಕೈ ಅವರದು.

"ನಲವತ್ತು ವರ್ಷ ಮ್ಯೂಸಿಯಂನಲ್ಲಿ ಭದ್ರವಾಗಿತ್ತು ಸ್ವಾಮಿ!"

"ಅದೇ ನನ್ನ ಭಯ. ಅವರು ಸಂಬಳ ಕೊಡುವುದು ಒರೆಸುವ ಬಟ್ಟೆ ಹಿಡಿದವನಿಗೆ, ಸ್ಪ್ಯಾನರ್ ಹಿಡಿದವನಿಗಲ್ಲ. ಸಿಲಿಂಡರಿನ ಒಳಗೆ ಯಾರು ಒರೆಸಿದ್ದಾರೆ?"

ಸೀನನಿಗೆ ಬೇರೆಯೇ ಅನುಮಾನ. "ಇಷ್ಟು ಒಳ್ಳೆಯದಾಗಿದ್ದರೆ ಮ್ಯೂಸಿಯಂನವರು ಮಾರಿದ್ದೇಕೆ?"

ಈ ಪ್ರಶ್ನೆಗೆ ವಾಸು ಕಾದು ಕುಳಿತಿದ್ದ, ಅಮೆರಿಕದ ಕಥೆಯೊಂದನ್ನು ತೆಗೆದ. ನೆವಾಡಾದ ರೆನೋದಲ್ಲಿ ಬಿಲ್ ಹ್ಯಾರಾ ಎಂಬ ಕ್ಯಾಸಿನೊ ಧಣಿ ಸುಮಾರು 1,400 ಕಾರುಗಳನ್ನು ಕೂಡಿಹಾಕಿದ್ದ, 1978ರಲ್ಲಿ ತೀರಿಕೊಂಡ. ಅವನ ವ್ಯವಹಾರವನ್ನು ಕೊಂಡ ಹೋಟೆಲ್ ಕಂಪನಿಗೆ ಕಾರುಗಳ ಗೊಡವೆ ಬೇಕಿರಲಿಲ್ಲ. 1984ರಿಂದ 1986ರವರೆಗೆ ಹರಾಜಿನ ಮೇಲೆ ಹರಾಜು. ಉಳಿದವುಗಳಲ್ಲಿ ಒಂದಷ್ಟನ್ನು ಇಟ್ಟುಕೊಂಡು 1989ರಲ್ಲಿ ಅಲ್ಲೊಂದು ಮ್ಯೂಸಿಯಂ ತೆರೆಯಿತು. "ಕಾರು ಕೆಟ್ಟದ್ದೆಂದು ಮಾರಿದರೇ? ಯಜಮಾನ ಹೋದ, ಮಾರಿದರು!"

"ಸಾವಿರದ ನಾನೂರು ಕಾರು! ಕೀಲಿಕೈ ಗೊಂಚಲು ಹೊರಲಿಕ್ಕೇ ಒಂದು ಲಾರಿ ಬೇಕಿತ್ತೇನೋ," ಎಂದ ಸೀನ.

"ನಿನ್ನ ಮುಂದಿರುವ ಕಾರಿಗೆ ಕೀಲಿಕೈಯೇ ಇಲ್ಲ. ಮೂತಿಯ ಕೆಳಗಿನ ಹ್ಯಾಂಡಲ್ ತಿರುಗಿಸು," ಎಂದರು ರಾಯರು.

ಸೀನ ತೋಳೇರಿಸಿ ಹ್ಯಾಂಡಲನ್ನು ಬಾಚಿ ಹಿಡಿದ. ರಾಯರು ಅವನ ಕೈಗೊಂದು ಏಟು ಕೊಟ್ಟರು. ಹೆಬ್ಬೆರಳನ್ನು ಸುತ್ತಿ ಹಿಡಿಯಬಾರದಂತೆ. ಉಳಿದ ನಾಲ್ಕು ಬೆರಳುಗಳ ಜೊತೆಗೇ ಇಡಬೇಕಂತೆ. ಕಿಡಿ ಬೇಗ ಹಾರಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಮಣಿಕಟ್ಟು ಮುರಿಯುತ್ತದೆ. ಸ್ಟೀರಿಂಗ್ ಬಳಿಯ ಸನ್ನೆಕೋಲಿನಿಂದ ಕಿಡಿಯನ್ನು ತಡಮಾಡಿಯೇ ತಿರುಗಿಸಬೇಕು. ಈ ಕಾಟಕ್ಕೆ ಕ್ಯಾಡಿಲ್ಯಾಕ್‌ನವರು 1912ರಲ್ಲಿ ವಿದ್ಯುತ್ ಸ್ಟಾರ್ಟರ್ ಹಾಕಿದರು.

"ನನ್ನದೂ 1912ರದ್ದೇ!"

"ಕ್ಯಾಡಿಲ್ಯಾಕ್ ಅಲ್ಲವಲ್ಲ."

ಸೀನ ಶಾಸ್ತ್ರೋಕ್ತವಾಗಿ ತಿರುಗಿಸಿದ. ಹ್ಯಾಂಡಲ್ ಅಲುಗಲಿಲ್ಲ, ಸೀನನ ಸೊಂಟ ಮಾತ್ರ ಒಮ್ಮೆ ಲಟಕ್ಕೆಂದಿತು.

ರಾಯರು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ತೂತಿನೊಳಗೆ ಹಾವಿನಂಥ ಸಣ್ಣ ಕ್ಯಾಮೆರಾ ಇಳಿಸಿದರು. ನಾವೆಲ್ಲ ಮೊಬೈಲ್ ಪರದೆಗೆ ಮುತ್ತಿಕೊಂಡೆವು.

"ಎಂಡೋಸ್ಕೋಪಿಗೆ ಬರಿಹೊಟ್ಟೆ ಇರಬೇಕಲ್ಲವೇ?" ಎಂದ ಸೀನ, ಸೊಂಟ ಹಿಡಿದುಕೊಂಡೇ.

"ನಲವತ್ತು ವರ್ಷದಿಂದ ಒಂದು ತೊಟ್ಟು ಪೆಟ್ರೋಲ್ ಕಂಡಿಲ್ಲ. ಇನ್ನೆಷ್ಟು ಉಪವಾಸ ಬೇಕು?"

ಮೂರು ಸಿಲಿಂಡರ್ ಪರವಾಗಿರಲಿಲ್ಲ. ನಾಲ್ಕನೆಯದರ ಗೋಡೆಯ ಮೇಲೆ, ಪಿಸ್ಟನ್ ನಿಂತ ಗೆರೆಗೆ ಸರಿಯಾಗಿ, ಇಟ್ಟಿಗೆ ಬಣ್ಣದ ತುಕ್ಕಿನ ಉಂಗುರ. ಎಂಜಿನ್ ಎಲ್ಲಿ ನಿಂತರೂ ಯಾವುದಾದರೊಂದು ವಾಲ್ವ್ ತೆರೆದುಕೊಂಡಿರುತ್ತದಂತೆ. ಆ ಬಾಗಿಲಿನಿಂದ ನಲವತ್ತು ಮಳೆಗಾಲದ ತೇವ ಒಳಗೆ ಹೋಗಿ ಸಂಸಾರ ಹೂಡಿತ್ತು. ಹೊರಗೆ ಹಿತ್ತಾಳೆ ಫಳಫಳ ಹೊಳೆಯುತ್ತಲೇ ಇತ್ತು.

ನಾಲ್ಕೂ ತೂತುಗಳಿಗೆ ತೆಳು ಎಣ್ಣೆ ಹೊಯ್ದು ರಾಯರು ಕಾಯಲು ಹೇಳಿದರು. ಸುತ್ತಿಗೆಯಿಂದ ಬಡಿದರೆ ಪಿಸ್ಟನ್ ಒಡೆಯುತ್ತದೆ. ಹೊಸದು ಕೇಳಲು ಕಂಪನಿ ಎಲ್ಲಿದೆ? ಕ್ಲಚ್ಚಿನ ಚರ್ಮ ಒಣಗಿ ಹಪ್ಪಳವಾಗಿತ್ತು. ಅದಕ್ಕೆ ಹರಳೆಣ್ಣೆ ಸವರಬೇಕೆಂದರು.

"ಎಂಡೋಸ್ಕೋಪಿ ಆಯಿತು, ಹರಳೆಣ್ಣೆಯೂ ಆಯಿತು. ಹಿಂದೆ ಯಾರೂ ನಿಲ್ಲಬೇಡಿ," ಎಂದ ಸೀನ.

ಹನ್ನೊಂದನೆಯ ದಿನ ಹ್ಯಾಂಡಲ್ ಒಂದು ಬೆರಳಿನಷ್ಟು ಅಲುಗಿತು. ವಾಸು ಕುಣಿದಾಡಿದ. ರಾಯರು ಕುಣಿಯಲಿಲ್ಲ, ಅಡಿಯ ಎಣ್ಣೆ ತೊಟ್ಟಿ ಬಿಚ್ಚಿ, ಬೆಳ್ಳಿಯಂತೆ ಮಿನುಗುವ ಚೂರುಗಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು. ಬೇರಿಂಗ್ ಉದುರುತ್ತಿತ್ತು. ಆ ಕಾಲದ್ದು ಬ್ಯಾಬಿಟ್ ಎರಕ: ತವರಕ್ಕೆ ಆಂಟಿಮನಿ, ತಾಮ್ರ ಸೇರಿಸಿ ಕರಗಿಸಿ ಹೊಯ್ಯಬೇಕು. ಆಮೇಲೆ ಶಾಫ್ಟಿಗೆ ನೀಲಿ ಬಣ್ಣ ಸವರಿ, ಕೂರಿಸಿ, ತಿರುಗಿಸಿ, ಬೇರಿಂಗಿನಲ್ಲಿ ಎಲ್ಲಿ ನೀಲಿ ಅಂಟಿದೆಯೋ ಅಲ್ಲಿ ಕೂದಲೆಳೆಯಷ್ಟು ಹೆರೆಯಬೇಕು. ಮತ್ತೆ ಸವರು, ಮತ್ತೆ ತಿರುಗಿಸು, ಮತ್ತೆ ಹೆರೆ.

"ಎಷ್ಟು ಸಲ?" ವಾಸುವಿನ ದನಿ ಇಳಿದಿತ್ತು.

"ನೀಲಿ ಎಲ್ಲ ಕಡೆ ಒಂದೇ ಸಮ ಅಂಟುವ ತನಕ."

ನಾಲ್ಕು ತಿಂಗಳು ಬಿಟ್ಟು ಹೋದೆ. ಕಾರು ಮರದ ದಿಮ್ಮಿಗಳ ಮೇಲೆ ಕುಳಿತಿತ್ತು. ಉದ್ದನೆಯ ಮೇಜಿನ ತುಂಬ ಎಂಜಿನ್ನಿನ ಅಂಗಾಂಗಗಳು, ಒಂದೊಂದಕ್ಕೂ ಹೆಸರಿನ ಚೀಟಿ. ಸೀಟಿನ ಕೆಳಗೆ ಸಿಕ್ಕಿದ ಮ್ಯೂಸಿಯಂನ ಹಳೆಯ ಫಲಕವನ್ನು ವಾಸು ಮೇಜಿನ ಮುಂದೆ ನಿಲ್ಲಿಸಿದ್ದ: "ದಯವಿಟ್ಟು ಮುಟ್ಟಬೇಡಿ."

"ಟಿಕೆಟ್ ಎಷ್ಟು?" ಎಂದು ಸೀನ ಬಾಗಿಲಲ್ಲೇ ನಿಂತು ಕೇಳಿದ.

ರಾಯರು ತಲೆಯೆತ್ತಲಿಲ್ಲ. ನೀಲಿ ಮೆತ್ತಿದ ಕೈಯನ್ನು ಹಿಂದಕ್ಕೆ ಚಾಚಿ ಹೇಳಿದರು: "ಸೀನ, ಆ ಒರೆಸುವ ಬಟ್ಟೆ ಕೊಡು."