ಅಜ್ಜನ ಎಂಎಂ 540 ಜೀಪು: ಮೊದಲು ಯಾವುದಕ್ಕೆ ಕೈ ಹಾಕಲಿ?

ತೀರ್ಥಹಳ್ಳಿ_ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಕೊಟ್ಟಿಗೆಯಲ್ಲಿ ಅಜ್ಜನ ಮಹೀಂದ್ರಾ ಎಂಎಂ 540 ನಿಂತಿದೆ. 1991ರ ಗಾಡಿ, ಪ್ಯೂಜೋ ಡೀಸೆಲ್ ಎಂಜಿನ್, ಫೋರ್ ವೀಲ್ ಡ್ರೈವ್. ಅಜ್ಜ ತೀರಿಕೊಂಡ ಮೇಲೆ ಯಾರೂ ಸ್ಟಾರ್ಟ್ ಮಾಡಿಲ್ಲ. ಬಾಡಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಟೈರ್ ನಾಲ್ಕೂ ಹೋಗಿವೆ. ಆರ್‌ಸಿ ಇನ್ನೂ ಅಜ್ಜನ ಹೆಸರಲ್ಲೇ ಇದೆ, ಅವಧಿ ಮುಗಿದಿದೆ.

ಶಿವಮೊಗ್ಗದಲ್ಲಿ ಒಬ್ಬರು ನೋಡಿ ಪ್ಯಾಕೇಜ್ ಹೇಳಿದ್ದಾರೆ. ಗಾಡಿ ಎತ್ತರಿಸುವ ಲಿಫ್ಟ್ ಕಿಟ್, 31 ಇಂಚಿನ ಅಗಲ ಟೈರ್, ಕಬ್ಬಿಣದ ಬಂಪರ್, ಎಲ್‌ಇಡಿ ಬಾರ್, ಹೊಸ ಪೇಂಟ್. "ಪೇಪರ್ ಆಮೇಲೆ ನೋಡೋಣ" ಅಂದರು. ನನಗೆ ಸ್ಪ್ಯಾನರ್ ಹಿಡಿಯೋದು ಗೊತ್ತು, ಬೈಕ್ ಬಿಚ್ಚಿ ಜೋಡಿಸಿದ್ದೇನೆ. ಜೀಪು ಇದೇ ಮೊದಲು. ಆದಷ್ಟು ನಾನೇ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಮೂಡಿಗೆರೆ_ತೋಟ:

ಮೊದಲು ಆ ಪ್ಯಾಕೇಜಿಗೆ ಅಡ್ವಾನ್ಸ್ ಕೊಡಬೇಡಿ ಮಾರಾಯ್ರೆ. ಅವರು ಹೇಳಿದ್ದರಲ್ಲಿ ಬ್ರೇಕ್ ಅನ್ನೋ ಪದವೇ ಇಲ್ಲ, ಗಮನಿಸಿದ್ರಾ? ನಿಂತ ಜೀಪಿನಲ್ಲಿ ಮೊದಲು ಸಾಯೋದೇ ಅದು. ಪ್ರತಿ ಚಕ್ರದಲ್ಲೂ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಒಣಗಿರುತ್ತದೆ, ಆಯಿಲ್ ಸೋರಿ ಡ್ರಮ್ಮಿನ ಒಳಗೆಲ್ಲ ಹರಡಿರುತ್ತದೆ, ಕಬ್ಬಿಣದ ಪೈಪು ಒಳಗಿಂದ ತುಕ್ಕು ಹಿಡಿದಿರುತ್ತದೆ. ನಾಲ್ಕೂ ಡ್ರಮ್ ಬಿಚ್ಚಿ. ರಬ್ಬರ್ ಕಿಟ್, ಹೋಸ್, ಪೈಪು ಎಲ್ಲ ಹೊಸದು ಹಾಕಿ. ಪೆಡಲಿನ ಮಾಸ್ಟರ್ ಸಿಲಿಂಡರ್ ಸಿಂಗಲ್ ಸರ್ಕ್ಯೂಟ್ (ನಾಲ್ಕೂ ಚಕ್ರಕ್ಕೆ ಒಂದೇ ಲೈನ್) ಆಗಿದ್ದರೆ ಇನ್ನೂ ಹುಷಾರು. ಒಂದು ಕಡೆ ಸೋರಿದರೆ ನಾಲ್ಕು ಚಕ್ರದ ಬ್ರೇಕೂ ಹೋಗುತ್ತದೆ. ಆಗುಂಬೆ ಘಾಟಿ ನಿಮ್ಮ ಮನೆ ಬಾಗಿಲಲ್ಲೇ ಇದೆ, ಹೆಚ್ಚು ಹೇಳಬೇಕಾಗಿಲ್ಲ ಅಲ್ವಾ.

ಆದರೆ ಬ್ರೇಕಿಗೂ ಮೊದಲು ಚಾಸಿ, ಅಂದರೆ ಬಾಡಿ ಕೂರುವ ಕೆಳಗಿನ ಕಬ್ಬಿಣದ ಚೌಕಟ್ಟು. ಬಾಡಿ ಚೆನ್ನಾಗಿ ಕಂಡರೆ ಏನೂ ಹೇಳಿದ ಹಾಗಲ್ಲ. ಒಂದು ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್ ಹಿಡಿದು ಗಾಡಿ ಅಡಿ ಮಲಗಿ. ಚಾಸಿಯ ಎರಡೂ ಬದಿ ಗೇಣಿಗೊಂದು ಸಲ ಬಡಿಯುತ್ತ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತುಕ್ಕು ತಿಂದ ಜಾಗ ದಬ್ ಅನ್ನುತ್ತದೆ, ಪದರ ಉದುರುತ್ತದೆ. ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಬ್ರಾಕೆಟ್ ಸುತ್ತ, ಬಾಡಿ ಬೋಲ್ಟ್ ಆಗುವ ಕಡೆ, ಸೀಟಿನ ಕೆಳಗಿನ ಫ್ಲೋರ್, ಇಲ್ಲಿ ಜಾಸ್ತಿ ನೋಡಿ. ಸ್ಕ್ರೂಡ್ರೈವರ್ ಒಳಗೆ ಇಳಿದರೆ ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ. ಬಾಡಿಯಲ್ಲಿ ತೂತು ಮುಚ್ಚಲು ಪುಟ್ಟಿ (ಪೇಂಟಿಗೆ ಮೊದಲು ಮೆತ್ತುವ ಪೇಸ್ಟ್) ಮೆತ್ತಿದ್ದಾರಾ ಅಂತ ತಿಳಿಯೋಕೆ ಒಂದು ಅಯಸ್ಕಾಂತ ಸಾಕು. ಹಿಡಿಯದ ಕಡೆ ತಗಡಿಲ್ಲ, ಪುಟ್ಟಿ ಮಾತ್ರ ಇದೆ.

ಎಂಜಿನ್ ಬಗ್ಗೆ. ನಿಮ್ಮದು ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್, 2112 ಸಿಸಿ. ಗಟ್ಟಿ ಎಂಜಿನ್, ನನಗೆ ಇದರ ಮೇಲೆ ಪ್ರೀತಿ ಇದೆ. ಆದರೆ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯಲೇಬೇಡಿ. ಹಳೇ ಡೀಸೆಲ್ ಖಾಲಿ ಮಾಡಿ, ಟ್ಯಾಂಕ್ ಇಳಿಸಿ ತೊಳೆಯಿರಿ. ಏರ್ ಕ್ಲೀನರ್ ಬಿಚ್ಚಿ ನೋಡಿ, ಕೊಟ್ಟಿಗೆ ಗಾಡಿ ಅಂದಮೇಲೆ ಇಲಿ ಗೂಡು ಇರಬಹುದು. ಎಂಜಿನ್ ಆಯಿಲ್ ಇಳಿಸುವಾಗ ಬಣ್ಣ ನೋಡಿ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ಇದು ವೆಟ್ ಲೈನರ್ ಎಂಜಿನ್ (ಸಿಲಿಂಡರಿನ ಕೊಳವೆಗೆ ಕೂಲಿಂಗ್ ನೀರು ನೇರ ತಾಗುತ್ತದೆ), ಲೈನರಿನ ಕೆಳಗಿನ ಸೀಲ್ ಹೋದರೆ ನೀರು ಸೀದಾ ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಹಾಗಿದ್ದರೆ ಸ್ಟಾರ್ಟ್ ಮಾಡೋ ಮಾತೇ ಇಲ್ಲ, ಬಿಚ್ಚಬೇಕು.

ಆಯಿಲ್ ಸರಿ ಇದ್ದರೆ ಇಂಜೆಕ್ಟರ್ ತೆಗೆದು ಪ್ರತಿ ಸಿಲಿಂಡರಿಗೂ ಸ್ವಲ್ಪ ಆಯಿಲ್ ಬಿಡಿ, ಒಂದು ರಾತ್ರಿ ಬಿಟ್ಟು ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ತಿರುಗಿಸಿ. ಎರಡು ಸುತ್ತು ಸಲೀಸಾಗಿ ತಿರುಗಿದರೆ ಧೈರ್ಯ ಬರುತ್ತದೆ. ಆಮೇಲೆ ಹೊಸ ಆಯಿಲ್, ಹೊಸ ಫಿಲ್ಟರ್, ಹ್ಯಾಂಡ್ ಪಂಪಿನಲ್ಲಿ ಡೀಸೆಲ್ ಲೈನಿನ ಏರ್ ತೆಗೆಯೋದು. ಸ್ಟಾರ್ಟಿಗೆ ಮೊದಲು ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ನಾಲ್ಕೂ ಕೆಲಸ ಮಾಡುತ್ತವಾ ನೋಡಿ. ಈ ಎಂಜಿನ್ನಿಗೆ ಬೆಳಗಿನ ಚಳಿಯಲ್ಲಿ ಅವು ಬೇಕೇ ಬೇಕು. ಮೊದಲ ಸಲ ಸ್ಟಾರ್ಟ್ ಮಾಡುವಾಗ ಪಕ್ಕದಲ್ಲಿ ಒಬ್ಬರು ದಪ್ಪ ಹಲಗೆ ಹಿಡಿದು ನಿಂತಿರಲಿ. ಪಂಪ್ ಜಾಮ್ ಆಗಿ ರೇಸ್ ಏರುತ್ತಲೇ ಹೋದರೆ ಕೀ ತಿರುಗಿಸಿದರೂ ನಿಲ್ಲದಿರಬಹುದು. ಗಾಳಿ ಬರುವ ಬಾಯಿ ಮುಚ್ಚಿದರೆ ನಿಲ್ಲುತ್ತದೆ. ಕೈ ಅಡ್ಡ ಇಡೋದು ಬೇಡ, ಹಲಗೆಯೇ ಇರಲಿ.

ಗಾಡಿ ಓಡುವ ಹಾಗಾದ ಮೇಲೆ ಒಂದು ಮಳೆಗಾಲ ಕಂಪನಿ ಕೊಟ್ಟ ಹಾಗೇ ಓಡಿಸಿ. ನಿಮ್ಮ ದಾರಿಗೆ ಏನು ಬೇಕು ಅಂತ ಜೀಪೇ ಹೇಳುತ್ತದೆ. ಲಿಫ್ಟು, ಟೈರು ಎಲ್ಲ ಆಮೇಲೆ.

ಫೋರ್‌ಬೈಫೋರ್_ಹಾಸನ:

ಕಾಗದದ ವಿಷಯ ನಾನು ಹೇಳುತ್ತೇನೆ. "ಆಮೇಲೆ ನೋಡೋಣ" ಅನ್ನೋದು ತಪ್ಪು, ಕಾಗದವೇ ಮೊದಲು. ಅಜ್ಜನ ಹೆಸರಿಂದ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31. ಮರಣ ಪತ್ರ, ವಾರಸುದಾರರ ದಾಖಲೆ, ಉಳಿದವರ ಒಪ್ಪಿಗೆ ಬೇಕು. ಚಿಕ್ಕಪ್ಪ, ಅತ್ತೆ ಇದ್ದರೆ ಈಗಲೇ ಕೂತು ಮಾತಾಡಿ. ಆರ್‌ಸಿ ನವೀಕರಣಕ್ಕೆ ಫಾರಂ 25. ಒಮ್ಮೆ ಮಾಡಿಸಿದರೆ 5 ವರ್ಷ. ಗಾಡಿಯನ್ನು ಆರ್‌ಟಿಒ ಎದುರು ತೋರಿಸಬೇಕು, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯುತ್ತಾರೆ. 20 ವರ್ಷ ದಾಟಿದ ಕಾರು, ಜೀಪಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10 ಸಾವಿರ ರೂಪಾಯಿಗೆ ಏರಿಸಿದೆ. ಗ್ರೀನ್ ಟ್ಯಾಕ್ಸ್, ತಡವಾದ ದಂಡ ಬೇರೆ. ನಿಮ್ಮದು ಹಳೇ ಪುಸ್ತಕದ ಆರ್‌ಸಿ ಆದರೆ ಸರ್ಕಾರದ ವಾಹನ್ ಪೋರ್ಟಲಿನಲ್ಲಿ ಗಾಡಿ ಇದೆಯಾ ನೋಡಿ. ಇಲ್ಲದಿದ್ದರೆ ಮೊದಲು ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆ ಅದಕ್ಕೆ ಸೇರಿಸೋದು) ಮಾಡಿಸಬೇಕು.

ಮಾಡಿಫಿಕೇಶನ್ನಿಗೂ ಕಾನೂನು ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕಂಪನಿ ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಮುಂದೆ ಕಟ್ಟುವ ಬುಲ್ ಬಾರ್ ವಿರುದ್ಧ 2017ರ ಡಿಸೆಂಬರಿನಲ್ಲೇ ಕೇಂದ್ರದಿಂದ ಸೂಚನೆ ಬಂದಿದೆ. ಆ ಪ್ಯಾಕೇಜ್ ಮಾಡಿಸಿಕೊಂಡು ಹೋಗಿ ಇನ್‌ಸ್ಪೆಕ್ಟರ್ ಎದುರು ನಿಲ್ಲಿಸಿದರೆ ನವೀಕರಣ ಅಲ್ಲೇ ನಿಲ್ಲುತ್ತದೆ.

ನಿಟ್ಟೂರು_ಜೀಪ್:

ನಾನು ಕೊಡಚಾದ್ರಿ ಹತ್ತಿಸುವ ಡ್ರೈವರ್. ಟೈರಿನ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮ ಕೆಂಪು ಕೆಸರಿಗೆ 31 ಇಂಚಿನ ಅಗಲ ಟೈರ್ ಬೇಡ. ತೆಳು ಟೈರ್ ಕೆಸರು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಅಗಲದ್ದು ಮೇಲೇ ತೇಲಿ ಪಕ್ಕಕ್ಕೆ ಜಾರುತ್ತದೆ. 16 ಇಂಚಿನ ರಿಮ್ಮಿಗೆ ಒಳ್ಳೆ ಕಟ್ಟಿಂಗ್ ಇರುವ ತೆಳು ಟೈರ್ ಹಾಕಿ. ದೊಡ್ಡ ಟೈರ್ ಹಾಕಿದರೆ ಗೇರಿನ ಎಳೆತ ಹೋಗುತ್ತದೆ, ಏರಿನಲ್ಲಿ ಕ್ಲಚ್ ಸುಡುತ್ತದೆ, ಬ್ರೇಕಿಗೂ ಭಾರ.

ಇನ್ನೊಂದು. ಟಾರ್ ರಸ್ತೆ ಮೇಲೆ ಫೋರ್ ವೀಲ್ ಹಾಕಿ ಓಡಿಸಬೇಡಿ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ದೂರ ಹೋಗಬೇಕು, ಅದಕ್ಕೆ ಅವಕಾಶ ಸಿಗದೆ ಒಳಗೆ ಬಿಗಿಯುತ್ತದೆ. ಲಿವರ್ ವಾಪಸ್ ಬರೋದಿಲ್ಲ, ಗೇರಿನ ಹಲ್ಲು ಮುರಿಯುತ್ತದೆ.

ತೀರ್ಥಹಳ್ಳಿ_ಹುಡುಗ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಚಿಕ್ಕಪ್ಪಂದಿರ ಜೊತೆ ಮಾತಾಡಿದೆ, ಒಪ್ಪಿದ್ದಾರೆ. ಚಾಸಿ ಬಡಿದು ನೋಡಿದೆ. ಬಲಗಡೆ ಹಿಂದಿನ ಸ್ಪ್ರಿಂಗ್ ಬ್ರಾಕೆಟ್ ಹತ್ತಿರ ಅಂಗೈಯಷ್ಟು ಜಾಗ ದಬ್ ಅನ್ನುತ್ತದೆ. ಉಳಿದದ್ದು ಗಟ್ಟಿ. ಎಂಜಿನ್ ಆಯಿಲ್ ಕಪ್ಪಗಿದೆ, ಬೆಳ್ಳಗಿಲ್ಲ! ಜ್ಯಾಕ್ ಕೊಟ್ಟು ಮುಂದಿನ ಚಕ್ರ ಅಲ್ಲಾಡಿಸಿದರೆ ಎಡಗಡೆ ಆಟ ಇದೆ. ಬೇರಿಂಗಾ, ಇನ್ನೇನಾದರೂನಾ? ಚಾಸಿ ವೆಲ್ಡಿಂಗ್ ಊರಿನ ಗ್ರಿಲ್ ಮಾಡುವವರಿಂದ ಮಾಡಿಸಬಹುದಾ?

ಮೂಡಿಗೆರೆ_ತೋಟ:

ಆಯಿಲ್ ಕಪ್ಪಗಿರೋದು ಕೇಳಿ ಖುಷಿಯಾಯಿತು.

ಚಕ್ರದ ಆಟ ಕಂಡುಹಿಡಿಯೋದು ಸುಲಭ. ಟೈರಿನ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಈಗ ಬೇರೆಯವರಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ವೀಲ್ ಬೇರಿಂಗ್. ಹಾಗೇ ಇದ್ದರೆ ಕಿಂಗ್ ಪಿನ್ (ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲು). ಬ್ರೇಕ್ ರೆಡಿಯಾದ ಮೇಲೆ ಈ ಪರೀಕ್ಷೆ ಮಾಡಿ, ಈಗ ಮಾಡಿದರೆ ಗೊತ್ತಾಗೋದಿಲ್ಲ. ಕಿಂಗ್ ಪಿನ್ ಸಡಿಲ ಇದ್ದರೆ ವೇಗದಲ್ಲಿ ಒಂದು ಗುಂಡಿ ಸಿಕ್ಕರೆ ಸಾಕು, ಸ್ಟೀರಿಂಗ್ ಕೈಯಲ್ಲಿ ನಿಲ್ಲದ ಹಾಗೆ ಒದರುತ್ತದೆ. ಹೊಸ ಬೇರಿಂಗ್ ಹಾಕಿ, ಶಿಮ್ (ತೆಳು ತಗಡಿನ ಬಿಲ್ಲೆ) ಸ್ವಲ್ಪ ಸ್ವಲ್ಪ ಕಮ್ಮಿ ಮಾಡುತ್ತ ಬಿಗಿ ಹೊಂದಿಸಬೇಕು. ಬಿಗಿ ಅಳೆಯಲು ಕಾಫಿ ಮೂಟೆ ತೂಗುವ ಸ್ಪ್ರಿಂಗ್ ತಕ್ಕಡಿ ಬೇಡ, ಸಣ್ಣದು ತನ್ನಿ. ಮುಂದಿನ ಎರಡು ಚಕ್ರ ಜೋಡಿಸುವ ಟೈ ರಾಡ್ ಕಳಚಿ, ಅದು ಕೂರುತ್ತಿದ್ದ ತೂತಿಗೆ ಕೊಕ್ಕೆ ಸಿಕ್ಕಿಸಿ ಎಳೆದರೆ ಎರಡೂ ಕಡೆ ಒಂದೇ ಹಾಗೆ ಬರಬೇಕು. ಇದನ್ನು ಮೊದಲ ಸಲ ಗೊತ್ತಿದ್ದವರ ಜೊತೆ ಕೂತು ಮಾಡಿ. ನಿಟ್ಟೂರು, ಕೊಲ್ಲೂರು ಕಡೆ ಜೀಪು ನೋಡುವ ಮೆಕ್ಯಾನಿಕ್‌ಗಳಿಗೆ ಇದು ದಿನದ ಕೆಲಸ.

ವೆಲ್ಡಿಂಗ್ ಗ್ರಿಲ್ ಅಂಗಡಿಯಲ್ಲಿ ಬೇಡ, ಲಾರಿ ಚಾಸಿ ಮಾಡುವವರ ಹತ್ತಿರ ಹೋಗಿ. ತುಕ್ಕು ತಿಂದದ್ದನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು, ಅದರ ಮೇಲೇ ತಗಡು ಅಂಟಿಸೋದಲ್ಲ. ಹೊಸ ಪ್ಲೇಟಿನ ತುದಿ ನೇರ ಅಡ್ಡಕ್ಕೆ ಕತ್ತರಿಸದೆ ಓರೆಯಾಗಿ ಕತ್ತರಿಸಲಿ. ನೇರ ಅಡ್ಡ ವೆಲ್ಡ್ ಹೊಡೆದರೆ ಮುಂದೊಂದು ದಿನ ಅದೇ ಗೆರೆಯಲ್ಲಿ ಸೀಳುತ್ತದೆ. ಡೀಸೆಲ್ ಟ್ಯಾಂಕ್ ಗಾಡಿಯಿಂದ ಇಳಿಸಿಟ್ಟೇ ಹೋಗಿ. ಬ್ಯಾಟರಿ, ಆಲ್ಟರ್ನೇಟರ್ ವೈರ್ ಬಿಚ್ಚಿ. ಒಳಗೆಲ್ಲ ತುಕ್ಕು ತಡೆಯುವ ಪ್ರೈಮರ್ ಹೊಡೆದು, ನೀರು ಇಳಿದು ಹೋಗುವ ತೂತು ಮುಚ್ಚದ ಹಾಗೆ ನೋಡಿಕೊಳ್ಳಿ.

ಚಾಸಿ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ತಾಗಬಾರದು. ಕೆಲಸ ಶುರುವಾಗುವ ಮೊದಲೇ ಅದರ ಫೋಟೋ ತೆಗೆದು, ಪೆನ್ಸಿಲ್ ಪ್ರಿಂಟ್ ಮಾಡಿಟ್ಟು, ಮೇಲೆ ಗ್ರೀಸ್ ಸವರಿ ಟೇಪ್ ಸುತ್ತಿಬಿಡಿ. ಬ್ರೇಕ್ ಕಿಟ್ ತರಲು ಬೆಂಗಳೂರಿಗೆ ಹೋಗೋದಾದರೆ ಜೆ.ಸಿ. ರಸ್ತೆಗೆ ಹೋಗಿ. ಹಳೇ ವೀಲ್ ಸಿಲಿಂಡರ್ ಒಂದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಅಳತೆ ಹೊಂದಿಸಿ ಕೊಡುತ್ತಾರೆ.