ಕೂಸಾಗಿದ್ದಾಗ ಹಾಕಿದ ಶಂಟ್ 24ನೇ ವಯಸ್ಸಿನಲ್ಲೂ ಬೇಕೇ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನಾನು ಐದು ತಿಂಗಳ ಕೂಸಾಗಿದ್ದಾಗ, ತಲೆಯಲ್ಲಿ ನೀರು ತುಂಬಿದೆಯೆಂದು ಆ ನೀರನ್ನು ಹರಿಸುವ ಕೊಳವೆಯನ್ನು, ಅಂದರೆ ಶಂಟನ್ನು, ಮಿದುಳಿನಿಂದ ಹೊಟ್ಟೆಗೆ ಹಾಕಿದ್ದರು. ಒಂಬತ್ತನೇ ವಯಸ್ಸಿನಲ್ಲಿ ಒಮ್ಮೆ ಬದಲಾಯಿಸಿದರು. ಈಗ ನನಗೆ 24. ಹದಿನೈದು ವರ್ಷ ತೊಂದರೆಯೇ ಇರದಿದ್ದುದರಿಂದ ಅದರ ಅಗತ್ಯ ಮುಗಿದಿದೆಯೆಂದು ಮನೆಯವರ ಅಭಿಪ್ರಾಯ. ಅಮ್ಮ ಇಂದಿಗೂ ಕಿವಿಯ ಹಿಂದೆ ಚರ್ಮದಡಿ ಇರುವ ಶಂಟಿನ ಗುಬುಟನ್ನು ಒತ್ತಿ ನೋಡಿ "ಸರಿಯಿದೆ" ಎನ್ನುತ್ತಾರೆ. ಕುತ್ತಿಗೆಯಲ್ಲಿ ಕೊಳವೆ ಹುರಿಯಂತೆ ಗಟ್ಟಿಯಾಗಿ ಬೆರಳಿಗೆ ಸಿಗುತ್ತದೆ. ಎರಡು ವಾರಗಳಿಂದ ಬೆಳಿಗ್ಗೆ ಏಳುವಾಗ ತಲೆನೋವಿದೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಮೈಗ್ರೇನ್ ಎಂದು ಮಾತ್ರೆ ಕೊಟ್ಟಿದ್ದಾರೆ.

ಉತ್ತರ: ಮೊದಲು ತಲೆನೋವಿನ ಮಾತು. ಶಂಟ್ ಇರುವವರಿಗೆ ಹೊಸದಾಗಿ ಶುರುವಾದ ಬೆಳಗಿನ ತಲೆನೋವನ್ನು, ಶಂಟ್ ಕಟ್ಟಿಕೊಂಡಿಲ್ಲವೆಂದು ಖಚಿತವಾಗುವವರೆಗೆ, ಮೈಗ್ರೇನ್ ಎಂದು ಬಿಡಲಾಗದು. ತಡಮಾಡದೆ ಇಂದೇ ನ್ಯೂರೋಸರ್ಜರಿ ವಿಭಾಗವಿರುವ ಆಸ್ಪತ್ರೆಗೆ ಹೋಗಿ. ವಾಂತಿ, ಮಂಪರು ಅಥವಾ ಎರಡೆರಡಾಗಿ ಕಾಣುವುದು ಸೇರಿಕೊಂಡರೆ ಆ ಕ್ಷಣವೇ ತುರ್ತು ಚಿಕಿತ್ಸೆಗೆ ಹೊರಡಬೇಕು.

ಮಿದುಳಿನಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ದ್ರವ ಉತ್ಪತ್ತಿಯಾಗುತ್ತದೆ, ಆದರೆ ಒಂದು ಹೊತ್ತಿಗೆ ಮಿದುಳು, ಬೆನ್ನುಹುರಿಗಳ ಸುತ್ತಮುತ್ತ ಒಟ್ಟು ಇರುವುದು 150 ಮಿ.ಲೀ.ನಷ್ಟು ಮಾತ್ರ, ಹಾಗಾಗಿ ಹೊರದಾರಿ ಮುಚ್ಚಿದರೆ ಒತ್ತಡ ಬೇಗ ಏರಬಹುದು. ತೊಂದರೆ ಕಾಣಿಸದಿದ್ದ ಮಾತ್ರಕ್ಕೆ ಅಗತ್ಯ ಮುಗಿದಿದೆಯೆಂದು ಅರ್ಥವಲ್ಲ, ಶಂಟ್ ಸದ್ದಿಲ್ಲದೆ ಕೆಲಸ ಮಾಡುತ್ತಿದ್ದಿರಲೂಬಹುದು. ಸಿಲಿಕೋನ್ ಕೊಳವೆಯ ಮೇಲೆ ವರ್ಷಗಳು ಕಳೆದಂತೆ ಸುಣ್ಣ ಕಟ್ಟಿ ಅದು ಗಡುಸಾಗುತ್ತದೆ. ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಂಡ ಮೇಲೆ, ಮೈ ಬೆಳೆದಂತೆ ಎಳೆತಕ್ಕೆ ಸಿಕ್ಕಿ ಹೆಚ್ಚಾಗಿ ಕುತ್ತಿಗೆಯಲ್ಲೇ ತುಂಡಾಗುತ್ತದೆ. ತುಂಡಾದ ಮೇಲೂ, ಅದರ ಸುತ್ತ ಬೆಳೆದ ನಾರಿನ ಕವಚದೊಳಗೇ ದ್ರವ ಕೆಲಕಾಲ ಹರಿಯಬಲ್ಲದಾದ್ದರಿಂದ, ನೋವು ಬಂದು ಹೋಗಿ ಮಾಡುತ್ತ ರೋಗಿಯನ್ನೂ ವೈದ್ಯರನ್ನೂ ಮೋಸಗೊಳಿಸುತ್ತದೆ.

ತಾಯಿಯವರ ಕಾಳಜಿಗೆ ಗೌರವವಿಟ್ಟೇ ಹೇಳುತ್ತೇನೆ: ಗುಬುಟು ಒತ್ತಿದಾಗ ಮೇಲೆದ್ದಿತೆಂದು ಶಂಟ್ ಸರಿಯಿದೆಯೆನ್ನಲಾಗದು. ತಲೆಯಿಂದ ಹೊಟ್ಟೆಯವರೆಗಿನ ಎಕ್ಸ್‌ರೇ ಮತ್ತು ಸಿ.ಟಿ. ಸ್ಕ್ಯಾನ್ ಬೇಕು. ಕೆಲವರಲ್ಲಿ ಶಂಟ್ ಕೆಟ್ಟರೂ ಮಿದುಳಿನ ಕುಹರಗಳು, ಅಂದರೆ ಈ ದ್ರವ ತುಂಬಿರುವ ಟೊಳ್ಳುಗಳು, ಅಷ್ಟಾಗಿ ಹಿಗ್ಗುವುದಿಲ್ಲ. ನೀವು ಆರಾಮವಾಗಿದ್ದಾಗ ತೆಗೆಸಿದ ಸ್ಕ್ಯಾನನ್ನು ಪಕ್ಕದಲ್ಲಿಟ್ಟು ನೋಡಿದರಷ್ಟೇ ವ್ಯತ್ಯಾಸ ತಿಳಿಯುವುದುಂಟು.

ಪ್ರಶ್ನೆ: ಸಂಜೆಯೇ ಹೊರಡುತ್ತಿದ್ದೇವೆ, ಡಾಕ್ಟರ್. ಹಳೆಯ ಫಿಲ್ಮುಗಳು ಅಟ್ಟದಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ತರಬೇಕೇ? ಎಂ.ಆರ್.ಐ. ಮಾಡಿಸಬಹುದೇ?

ಉತ್ತರ: ಇದ್ದಂತೆಯೇ ತನ್ನಿ, ಹುಡುಕುತ್ತ ತಡಮಾಡಬೇಡಿ. ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಚೀಟಿ ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಶಂಟಿನಲ್ಲಿ ದ್ರವದ ಹರಿವನ್ನು ನಿಯಂತ್ರಿಸುವ ವಾಲ್ವ್ ಯಾವುದು ಎಂಬುದು ಅದರಲ್ಲಿರಬಹುದು. ಎಂ.ಆರ್.ಐ. ಸಾಮಾನ್ಯವಾಗಿ ಮಾಡಿಸಬಹುದು, ಹೊರಗಿನಿಂದ ಒತ್ತಡ ಹೊಂದಿಸುವ ವಾಲ್ವ್ ಆಗಿದ್ದರೆ ಅಯಸ್ಕಾಂತದಿಂದ ಅದರ ಹೊಂದಿಕೆ ಬದಲಾಗಬಹುದಾದ್ದರಿಂದ ಬಳಿಕ ಪರೀಕ್ಷಿಸಬೇಕು. ಆ ಚೀಟಿಯ ಚಿತ್ರವನ್ನು ಜೊತೆಯಲ್ಲಿರುವವರ ಮೊಬೈಲಿಗೂ ಕಳುಹಿಸಿಡಿ. ಮಂಪರು ಕವಿದರೆ ವಿವರ ಹೇಳುವ ಸ್ಥಿತಿಯಲ್ಲಿ ನೀವಿರಲಾರಿರಿ.